ಬಡಾವಣೆಯ ಹಬ್ಬ, ಊರಿನ ಕಾರ್ಯಕ್ರಮ ನಡೆಸಿಕೊಡುವ ಕಸುಬು: ಮೈಸೂರು, ಮಂಡ್ಯದವರಿಗೆ ಸಮಗ್ರ ಮಾರ್ಗದರ್ಶಿ

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುವಾಗ ಒಂದು ಪದ್ಧತಿ ಇದೆ. ಪಾತ್ರ ಮಾಡುವವರೇ ದುಡ್ಡು ಕೊಡುತ್ತಾರೆ. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು, ಸಣ್ಣ ಪಾತ್ರಕ್ಕೆ ಇಷ್ಟು ಅಂತ ಮೊದಲೇ ಗೊತ್ತುಮಾಡಿರುತ್ತಾರೆ. ಆ ದುಡ್ಡಿನಲ್ಲೇ ಸೀನರಿ, ಡ್ರೆಸ್ಸು, ಲೈಟು, ಹಾರ್ಮೋನಿಯಂ ಮೇಷ್ಟರ ಸಂಭಾವನೆ ಎಲ್ಲ ಆಗಬೇಕು. ನೋಡುವವರಿಗೆ ಪುಕ್ಕಟೆ. ಬೆಳಗಿನ ಜಾವದವರೆಗೆ ಊರಿಗೆ ಊರೇ ಕೂತು ನೋಡುತ್ತದೆ.

ಮೈಸೂರಿನಲ್ಲಿ ಸಣ್ಣ ಕಾರ್ಯಕ್ರಮಗಳನ್ನು ನಡೆಸಿಕೊಡುವ ಕೆಲಸ ಶುರುಮಾಡಿದಾಗ ನನಗೆ ಈ ಪದ್ಧತಿ ನೆನಪಾಗಲೇ ಇಲ್ಲ. ಟಿಕೆಟ್ ಇಟ್ಟು ಒಂದು ಸಂಗೀತ ಸಂಜೆ ಮಾಡಿದೆ. ಅರ್ಧ ಕುರ್ಚಿ ಖಾಲಿ. ಮುಂದಿನ ಸಲ ಅದೇ ಬಡಾವಣೆಯ ಮಕ್ಕಳಿಂದ ಹಾಡಿಸಿದೆ. ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯವರು ಎಲ್ಲರೂ ಬಂದರು. ಕುರ್ಚಿ ಸಾಲದೆ ಎದುರು ಮನೆಯಿಂದ ಬೆಂಚು ತಂದು ಹಾಕಿದೆವು. ನಮ್ಮ ಕಡೆ ಜನ ಸುಮ್ನೆ ನೋಡುವುದಕ್ಕೆ ದುಡ್ಡು ಕೊಡಲು ಹಿಂದೆಮುಂದೆ ನೋಡುತ್ತಾರೆ. ತಾವು, ತಮ್ಮವರು ಅದರಲ್ಲಿ ಇದ್ದರೆ ಖುಷಿಯಿಂದ ಕೊಡುತ್ತಾರೆ. ಈ ಕಸುಬಿನ ಲೆಕ್ಕಾಚಾರ ಪೂರ್ತಿ ಇದರ ಮೇಲೆ ನಿಂತಿದೆ. ಕೆಳಗೆ ಹೇಳುವ ಒಂದೊಂದು ಹೆಜ್ಜೆಯನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಿ.

ಹೆಜ್ಜೆ 1: ದುಡ್ಡು ಕೊಡುವವರು ಯಾರು ಅಂತ ಮೊದಲು ತಿಳಿಯಿರಿ

ಏನು ಕಾರ್ಯಕ್ರಮ ಮಾಡೋಣ ಅಂತ ಎಲ್ಲರೂ ಮೊದಲು ಯೋಚಿಸುತ್ತಾರೆ. ಅದಕ್ಕಿಂತ ಮುಂಚೆ ಯಾರ ಜೇಬಿನಿಂದ ದುಡ್ಡು ಬರುತ್ತದೆ ಅಂತ ಯೋಚಿಸಬೇಕು. ನಮ್ಮ ಊರುಗಳಲ್ಲಿ ಮೂರು ದಾರಿ ಇವೆ.

ಒಂದು, ಸಂಘಗಳು. ಬಡಾವಣೆಯ ನಿವಾಸಿಗಳ ಸಂಘ, ಅಪಾರ್ಟ್‌ಮೆಂಟ್ ಸಂಘ, ಹಿರಿಯ ನಾಗರಿಕರ ಬಳಗ, ಮಹಿಳಾ ಸಂಘ, ಆಟೋ ಚಾಲಕರ ಸಂಘ. ಇವರು ಗಣೇಶೋತ್ಸವ, ರಾಜ್ಯೋತ್ಸವ, ವಾರ್ಷಿಕೋತ್ಸವ ಹೇಗೂ ಮಾಡುತ್ತಾರೆ. ಪ್ರತಿವರ್ಷ ಓಡಾಡುವವರು ಅದೇ ನಾಲ್ಕು ಜನ. ಅವರಿಗೆ ಸಾಕಾಗಿರುತ್ತದೆ. ಆ ಓಡಾಟವನ್ನು ನೀವು ವಹಿಸಿಕೊಂಡು ಒಂದು ಮೊತ್ತ ಕೇಳಬಹುದು. ಹೊಸಬರಿಗೆ ಇದೇ ಸುರಕ್ಷಿತ ದಾರಿ. ನಷ್ಟದ ಭಯ ಕಡಿಮೆ.

ಎರಡು, ಭಾಗವಹಿಸುವ ಮನೆಗಳು. ಮಕ್ಕಳ ಬೇಸಿಗೆ ಶಿಬಿರ, ರಂಗೋಲಿ ಸ್ಪರ್ಧೆ, ಅಂತ್ಯಾಕ್ಷರಿ, ಅಡುಗೆ ಸ್ಪರ್ಧೆ, ಸುಗ್ಗಿ ಹಬ್ಬ. ಮನೆಗೆ ಇಷ್ಟು ಅಂತ ಹಣ ಪಡೆದು ನೀವೇ ಮಾಡುವಂಥದ್ದು. ಇಲ್ಲಿ ಲಾಭವೂ ನಿಮ್ಮದು, ನಷ್ಟವೂ ನಿಮ್ಮದು.

ಮೂರು, ಮಳಿಗೆ ಹಾಕುವವರು ಮತ್ತು ಪ್ರಾಯೋಜಕರು. ಹಪ್ಪಳ, ಉಪ್ಪಿನಕಾಯಿ, ಸಾಂಬಾರ್ ಪುಡಿ ಮಾಡುವ ಮನೆ ಉದ್ಯಮದವರು, ಸೀರೆ ಮಾರುವವರು, ಗಾಣದ ಎಣ್ಣೆಯವರು, ಪಕ್ಕದ ಬೀದಿಯ ಬೇಕರಿ. ಇವರ ದುಡ್ಡನ್ನು ಮಾತ್ರ ನಂಬಿ ಕಾರ್ಯಕ್ರಮ ಹಾಕಬೇಡಿ. ಕೊನೆಯ ವಾರದಲ್ಲಿ ಕೈಬಿಡುವವರು ಜಾಸ್ತಿ.

ಮೊದಲ ವರ್ಷ ಒಂದನೆಯ ದಾರಿಯಲ್ಲಿ ಮೂರು ನಾಲ್ಕು ಕೆಲಸ ಹಿಡಿಯಿರಿ. ಎರಡನೆಯ ದಾರಿಯಲ್ಲಿ ನಿಮ್ಮದೇ ಆದ ಒಂದು ಕಾರ್ಯಕ್ರಮ ಬೆಳೆಸಿ.

ಹೆಜ್ಜೆ 2: ಪಂಚಾಂಗ ಮುಂದಿಟ್ಟುಕೊಂಡು ವರ್ಷ ಯೋಜಿಸಿ

ಆಷಾಢ ಮತ್ತು ಧನುರ್ಮಾಸದಲ್ಲಿ ಮದುವೆ ಇಲ್ಲ. ಅಂದರೆ ಛತ್ರ, ಕಲ್ಯಾಣ ಮಂಟಪಗಳು ಖಾಲಿ. ಶಾಮಿಯಾನದವರು, ಅಡುಗೆಯವರು, ಮೈಕ್ ಸೆಟ್‌ನವರು ಎಲ್ಲರಿಗೂ ಬಿಡುವು. ಬಾಡಿಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಆಷಾಢಕ್ಕೆ ಹೊಸ ಮದುಮಗಳು ತವರಿಗೆ ಬಂದಿರುತ್ತಾಳೆ. ಸೋಬಾನೆ ಪದ, ಹಳೆಯ ಆಟಗಳು, ತಾಯಿ ಮಗಳ ಅಡುಗೆ ಸ್ಪರ್ಧೆ ಅಂತ ಛಾವಣಿಯ ಕೆಳಗಿನ ಕಾರ್ಯಕ್ರಮ ಇಟ್ಟರೆ ಜನ ಬರುತ್ತಾರೆ. ಮೈಸೂರಿನಲ್ಲಿ ಆಷಾಢ ಶುಕ್ರವಾರ ಮಾತ್ರ ಬೇಡ. ಊರಿನ ಅರ್ಧ ಜನ ಚಾಮುಂಡಿ ಬೆಟ್ಟದ ದಾರಿಯಲ್ಲಿರುತ್ತಾರೆ.

ಬಯಲಿನ ಕಾರ್ಯಕ್ರಮಕ್ಕೆ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳ ಸಂಜೆ ಗಾಳಿ ಮಳೆ ಇದ್ದಕ್ಕಿದ್ದಂತೆ ಬಂದು ಶಾಮಿಯಾನ ಕಿತ್ತು ಹಾಕುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಮ್ಮ ಎರಡೂ ಜಿಲ್ಲೆಗಳಲ್ಲಿ ಮಳೆ ಜೋರು. ಮಾರ್ಚ್ ಬಂದರೆ ಪರೀಕ್ಷೆ, ಮೈಕ್ ಹಾಕಿದರೆ ತಾಯಂದಿರೇ ಜಗಳಕ್ಕೆ ಬರುತ್ತಾರೆ. ಅದು ನ್ಯಾಯವೂ ಹೌದು. ದಸರಾ ದಿನಗಳಲ್ಲಿ ಅರಮನೆ, ವಸ್ತುಪ್ರದರ್ಶನದ ಎದುರು ನಮ್ಮ ಸಣ್ಣ ಕಾರ್ಯಕ್ರಮ ನಿಲ್ಲುವುದಿಲ್ಲ. ನವೆಂಬರ್ ಇಡೀ ತಿಂಗಳು ರಾಜ್ಯೋತ್ಸವ ನಡೆಯುವುದರಿಂದ ಸಂಘಗಳ ಕೆಲಸ ಹಿಡಿಯಲು ಆಗಸ್ಟ್‌ನಲ್ಲೇ ಹೋಗಿ ಮಾತಾಡಿ.

ಹೊತ್ತಿನ ವಿಷಯವೂ ಇದೆ. ಮೈಸೂರಿನ ಬಡಾವಣೆಯಲ್ಲಿ ಹಿರಿಯರು ಐದಕ್ಕೆ ಬಂದು ಎಂಟಕ್ಕೆ ಏಳುತ್ತಾರೆ. ಮಂಡ್ಯದ ಹಳ್ಳಿಯಲ್ಲಿ ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬಂದ ಮೇಲೆಯೇ ಜನ ಸೇರುವುದು. ಅಲ್ಲಿ ಐದು ಗಂಟೆಗೆ ಉದ್ಘಾಟನೆ ಅಂತ ಹಾಕಿದರೆ ಖಾಲಿ ಜಮಖಾನದ ಎದುರು ದೀಪ ಹಚ್ಚಬೇಕಾಗುತ್ತದೆ.

ಹೆಜ್ಜೆ 3: ಕಾಗದಪತ್ರ

ಇದಕ್ಕೆ ಹೆದರಬೇಕಿಲ್ಲ. ಒಬ್ಬರೇ ಮಾಡುವುದಾದರೆ ಏಕವ್ಯಕ್ತಿ ಮಾಲೀಕತ್ವ ಸಾಕು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ. ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಜಾಲತಾಣದಲ್ಲಿ ನೀವೇ ಮಾಡಬಹುದು, ಪೂರ್ತಿ ಉಚಿತ. ದುಡ್ಡು ಕೇಳುವ ನಕಲಿ ಜಾಲತಾಣಗಳಿವೆ, ಹುಷಾರು. ವ್ಯವಹಾರಕ್ಕೆ ಬೇರೆ ಬ್ಯಾಂಕ್ ಖಾತೆ ಮತ್ತು ಯುಪಿಐ ಇಟ್ಟುಕೊಳ್ಳಿ. ಮನೆ ಖರ್ಚಿನ ಜೊತೆ ಬೆರೆಸಿದರೆ ಲಾಭವೋ ನಷ್ಟವೋ ವರ್ಷ ಕಳೆದರೂ ತಿಳಿಯುವುದಿಲ್ಲ.

ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಲಾಭ ಅಲ್ಲ, ನಿಮ್ಮ ಹೆಸರಿನ ಬಿಲ್ಲಿನ ಒಟ್ಟು ಮೊತ್ತ. ಆದ್ದರಿಂದ ಊಟದವರಿಗೆ, ಶಾಮಿಯಾನದವರಿಗೆ ಸಂಘದವರೇ ನೇರವಾಗಿ ಕೊಡುವಂತೆ ಮಾಡಿ, ನೀವು ನಿಮ್ಮ ಕೂಲಿಯ ಬಿಲ್ಲು ಮಾತ್ರ ಕೊಡುವುದು ಚಿಕ್ಕ ಉದ್ಯಮಕ್ಕೆ ಅನುಕೂಲ. ಕಚೇರಿ ತೆರೆದರೆ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಪಾಲಿಕೆ ಅಥವಾ ನಗರಸಭೆಯ ಪರವಾನಗಿ ವಿಚಾರಿಸಿ. ಬಂಡವಾಳಕ್ಕೆ ಸಾಲ ಬೇಕೇ ಬೇಕು ಅಂದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. ನನ್ನ ಮಾತು ಕೇಳಿದರೆ ಮೊದಲ ವರ್ಷ ಸಾಲ ಬೇಡ. ಈ ಕೆಲಸಕ್ಕೆ ಬೇಕಾದ ಸಾಮಾನೆಲ್ಲ ಬಾಡಿಗೆಗೆ ಸಿಗುತ್ತದೆ.

ಹೆಜ್ಜೆ 4: ಜಾಗ

ಮೊದಲ ಕಾರ್ಯಕ್ರಮ 60 ಜನಕ್ಕೆ ಮೀರದಿರಲಿ. ನಿಮ್ಮದೇ ಬಡಾವಣೆಯ ಪಾರ್ಕು, ಸಮುದಾಯ ಭವನ, ದೇವಸ್ಥಾನದ ಹಜಾರ ಸಾಕು. ಪಾರ್ಕು ಯಾರದ್ದು ಅಂತ ಮೊದಲು ವಿಚಾರಿಸಿ. ಮೈಸೂರಿನಲ್ಲಿ ಕೆಲವು ಬಡಾವಣೆಗಳ ಪಾರ್ಕು ಪಾಲಿಕೆಯದು, ಕೆಲವು ಇನ್ನೂ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿವೆ. ತಪ್ಪು ಕಚೇರಿಗೆ ಅರ್ಜಿ ಕೊಟ್ಟು ಹತ್ತು ದಿನ ಕಾದವಳು ನಾನು.

ಸ್ವಲ್ಪ ದೊಡ್ಡದು ಬೇಕಾದಾಗ ಮೈಸೂರಿನಲ್ಲಿ ಆಯ್ಕೆ ಚೆನ್ನಾಗಿದೆ. ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲೇ ಕಿರುರಂಗಮಂದಿರ ಇದೆ, ಸಣ್ಣ ಸಭೆಗೆ ಹಿತವಾದ ಜಾಗ. ಪಕ್ಕದಲ್ಲೇ 1989ರಲ್ಲಿ ಶುರುವಾದ ರಂಗಾಯಣ. ಅಲ್ಲಿ ವಾರಾಂತ್ಯ ಏನು ನಾಟಕ ಇದೆ ಅಂತ ನೋಡಿಕೊಂಡೇ ದಿನ ಗೊತ್ತುಮಾಡಿ. ಕುವೆಂಪುನಗರದ ವೀಣೆ ಶೇಷಣ್ಣ ಭವನ ಸಂಗೀತಕ್ಕೆ ಹೇಳಿ ಮಾಡಿಸಿದ್ದು. ಮಂಡ್ಯದಲ್ಲಿ ಕಲಾಮಂದಿರ, ಅಂಬೇಡ್ಕರ್ ಭವನ, ಗಾಂಧಿ ಭವನ ಇವೆ.

ಜಾಗ ನೋಡಲು ಹೋದಾಗ ಕಾರ್ಯಕ್ರಮ ನಡೆಯುವ ಹೊತ್ತಿಗೇ ಹೋಗಿ. ಸಂಜೆ ಆರಕ್ಕೆ ಬಿಸಿಲು ವೇದಿಕೆಯ ಮುಖಕ್ಕೆ ಹೊಡೆಯುತ್ತದಾ, ಶೌಚಾಲಯಕ್ಕೆ ನೀರು ಬರುತ್ತದಾ, ಕೋಲು ಊರಿಕೊಂಡು ಬರುವ ಅಜ್ಜ ಎಷ್ಟು ಮೆಟ್ಟಿಲು ಹತ್ತಬೇಕು, ಜನರೇಟರ್ ಎಲ್ಲಿ ನಿಲ್ಲುತ್ತದೆ, ಎರಡನೇ ಬಾಗಿಲು ಇದೆಯಾ. ಬಾಗಿಲಿಗೆ ಬೀಗ ಹಾಕಿದ್ದರೆ ಕಾರ್ಯಕ್ರಮದ ದಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಬರೆದುಕೊಳ್ಳಿ.

ಹೆಜ್ಜೆ 5: ಅನುಮತಿಗಳು

ಮೈಕ್ ಹಾಕಲು ಪೊಲೀಸರಿಂದ ಲಿಖಿತ ಅನುಮತಿ ಬೇಕು. ನಿಮ್ಮ ವ್ಯಾಪ್ತಿಯ ಠಾಣೆಗೆ ಕನಿಷ್ಠ ಎರಡು ವಾರ ಮುಂಚೆ ಹೋಗಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಾಸದ ಬಡಾವಣೆಯಲ್ಲಿ ಹಗಲಿನ ಮಿತಿ 55 ಡೆಸಿಬಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಾನಂತೂ ರಾತ್ರಿ 9ಕ್ಕೇ ಮೈಕ್ ಆರಿಸುತ್ತೇನೆ. ಪಕ್ಕದ ಮನೆಯಲ್ಲಿ ಹಸುಗೂಸು ಇದ್ದರೆ, ಕಾಯಿಲೆಯವರು ಇದ್ದರೆ, ಹಿಂದಿನ ದಿನವೇ ಹೋಗಿ ಹೇಳಿ ಬರುತ್ತೇನೆ.

ಕರಂಟಿಗೆ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕ ಕೇಳಿ. ಬೀದಿ ಕಂಬಕ್ಕೆ ಕೊಕ್ಕೆ ಹಾಕುವ ಕೆಲಸ ಯಾರು ಹೇಳಿದರೂ ಬೇಡ, ಅದು ಅಪರಾಧ. ಮಳೆ ಹನಿ ಬಿದ್ದರೆ ಜೀವಕ್ಕೇ ಅಪಾಯ.

ಪ್ಲಾಸ್ಟಿಕ್ ತಟ್ಟೆ ಲೋಟ, ಫ್ಲೆಕ್ಸ್ ಬ್ಯಾನರ್‌ಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ. ಬಟ್ಟೆಯ ಬ್ಯಾನರ್ ಬರೆಸಿ, ಇಸವಿ ಹಾಕಿಸಬೇಡಿ, ಮುಂದಿನ ವರ್ಷಕ್ಕೂ ಬರುತ್ತದೆ. ಊಟಕ್ಕೆ ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ, ಸ್ಟೀಲ್ ಲೋಟ.

ಸಿನಿಮಾ ಹಾಡನ್ನು ರೆಕಾರ್ಡ್ ಹಾಕಿ ಕುಣಿಸುವುದಾದರೆ ಹಕ್ಕುಸ್ವಾಮ್ಯದ ಪರವಾನಗಿ ವಿಚಾರಿಸಿ. ಮದುವೆಯ ಮೆರವಣಿಗೆ, ಧಾರ್ಮಿಕ ಸಮಾರಂಭಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟು ನಡೆಸುವ ಕಾರ್ಯಕ್ರಮಕ್ಕೆ ಅದು ಸಿಗುತ್ತದೆ ಅಂದುಕೊಳ್ಳಬೇಡಿ. ಕೋಲಾಟ, ಕಂಸಾಳೆ, ತಂಬೂರಿ ಪದ, ಪೂಜಾ ಕುಣಿತ ಇಟ್ಟರೆ ಈ ತೊಡಕು ಇಲ್ಲ, ಜನಕ್ಕೂ ಇಷ್ಟ. ದುಡ್ಡು ಪಡೆದು ಲಕ್ಕಿ ಡಿಪ್ ಕೂಪನ್ ಮಾರುವುದು ಬೇಡ. ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧ. ಚುನಾವಣೆ ಘೋಷಣೆ ಆದರೆ ನೀತಿ ಸಂಹಿತೆ ಬರುತ್ತದೆ, ಆಗ ಎಲ್ಲ ಅನುಮತಿಯನ್ನೂ ಮತ್ತೆ ಕೇಳಿ ಖಚಿತಮಾಡಿಕೊಳ್ಳಿ.

ಹೆಜ್ಜೆ 6: ಲೆಕ್ಕ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಬಡಾವಣೆಯಲ್ಲಿ ಸಂಕ್ರಾಂತಿ ಸುಗ್ಗಿ ಹಬ್ಬ ಅಂತ ಇಟ್ಟುಕೊಳ್ಳೋಣ. ಅಂಕಿಗಳು ಲೆಕ್ಕ ಹಾಕುವ ಬಗೆ ತೋರಿಸಲು ಮಾತ್ರ. ದರವನ್ನು ನಿಮ್ಮ ಊರಿನಲ್ಲಿ ಕೇಳಿ ಹಾಕಿಕೊಳ್ಳಿ.

ಖರ್ಚು: ಶಾಮಿಯಾನ, ಕುರ್ಚಿ 7,000. ಮೈಕ್ ಸೆಟ್ 4,000. ಕೋಲಾಟದ ತಂಡ 8,000. ಬಹುಮಾನ 2,000. ಬಟ್ಟೆ ಬ್ಯಾನರ್, ಕರಪತ್ರ 1,500. ಸ್ವಚ್ಛತೆಗೆ 1,500. ಕರಂಟು, ಅನುಮತಿ 2,000. ಒಟ್ಟು 26,000 ರೂಪಾಯಿ. ಇದಕ್ಕೆ ನೂರಕ್ಕೆ ಹತ್ತರಂತೆ 2,600 ಅಂದುಕೊಳ್ಳದ ಖರ್ಚಿಗೆ ಅಂತ ಸೇರಿಸಿ. 28,600 ಆಯಿತು.

ಬರುವ ದುಡ್ಡು: ಎಂಟು ಮಳಿಗೆಯಿಂದ ತಲಾ 500, ಅಂದರೆ 4,000. ಇಬ್ಬರು ಅಂಗಡಿಯವರಿಂದ ತಲಾ 3,000, ಅಂದರೆ 6,000. ಉಳಿದ 18,600 ಮನೆಗಳಿಂದ ಬರಬೇಕು. ಮನೆಗೆ 400 ಇಟ್ಟರೆ 47 ಮನೆ ಬೇಕು. 47ನೇ ಮನೆಯವರು ದುಡ್ಡು ಕೊಟ್ಟ ಮೇಲೆ ನಿಮ್ಮ ಕೂಲಿ ಶುರು. 60 ಮನೆ ಸೇರಿದರೆ ನಿಮಗೆ ಉಳಿಯುವುದು 5,400. ಹನ್ನೆರಡು ದಿನ ಓಡಾಡಿದ್ದರೆ ದಿನಕ್ಕೆ 450 ರೂಪಾಯಿ.

ಸಾಲದು ಅನ್ನಿಸುತ್ತದೆ ಅಲ್ವಾ? ನಿಜ, ಸಾಲದು. ಹಾಗಂತ ಮನೆಗೆ 600 ಮಾಡಿದರೆ ಮನೆಗಳೇ ಕಡಿಮೆಯಾಗುತ್ತವೆ. ನಾನು ಕಂಡುಕೊಂಡ ದಾರಿ, ಅದೇ ಕಾರ್ಯಕ್ರಮವನ್ನು ಅದೇ ವಾರ ಮೂರು ಬಡಾವಣೆಯಲ್ಲಿ ಮಾಡುವುದು. ಮೈಕ್ ಸೆಟ್‌ನವರು ಮೂರು ದಿನದ ಕೆಲಸ ಅಂದರೆ ದರ ಇಳಿಸುತ್ತಾರೆ. ಆಟದ ಸಾಮಾನು, ಬ್ಯಾನರ್ ಒಂದೇ. ನಿಮ್ಮ ಓಡಾಟ ಮೂರು ಪಟ್ಟು ಆಗುವುದಿಲ್ಲ, ಒಂದೂವರೆ ಪಟ್ಟು ಆಗುತ್ತದೆ.

ಸಂಘಕ್ಕೆ ಕೆಲಸ ಮಾಡಿಕೊಡುವಾಗ ಅಡ್ವಾನ್ಸ್ ಅರ್ಧ, ಹಿಂದಿನ ದಿನ ಕಾಲು ಭಾಗ, ಮುಗಿದ ಮೂರು ದಿನದೊಳಗೆ ಉಳಿದ ಕಾಲು ಭಾಗ ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಒಂದು ಸಲ ಬಾಯಿ ಮಾತಿನ ಮೇಲೆ ಕೆಲಸ ಮಾಡಿದೆ. ಕಾರ್ಯಕ್ರಮ ಆದ ಮೇಲೆ ಸಂಘದ ಪದಾಧಿಕಾರಿಗಳು ಬದಲಾದರು. ಹೊಸಬರು ನಮಗೆ ಗೊತ್ತಿಲ್ಲ ಅಂದರು. ಮೈಕ್‌ನವರಿಗೆ ಕೈಯಿಂದ ಕೊಟ್ಟೆ. ಅಂದಿನಿಂದ ಸಹಿ ಇಲ್ಲದೆ ಒಂದು ಕುರ್ಚಿಯನ್ನೂ ಇಳಿಸಿಲ್ಲ.

ಹೆಜ್ಜೆ 7: ಜೊತೆಗಾರರು

ಮೈಕ್, ಶಾಮಿಯಾನ, ಅಡುಗೆ ಮೂರಕ್ಕೂ ಇಬ್ಬಿಬ್ಬರ ನಂಬರ್ ಇರಲಿ. ಒಬ್ಬರು ಕೈಕೊಟ್ಟರೆ ಇನ್ನೊಬ್ಬರು. ದುಡ್ಡನ್ನು ಅಂದೇ ರಾತ್ರಿ ಕೊಟ್ಟುಬಿಡಿ. ಆ ಒಂದು ಅಭ್ಯಾಸದಿಂದ ಮದುವೆ ಸೀಸನ್‌ನಲ್ಲೂ ನಿಮಗೆ ಇಲ್ಲ ಅನ್ನುವುದಿಲ್ಲ. ಜಾನಪದ ಕಲಾವಿದರನ್ನು ಕರೆಸುವಾಗ ಬಸ್ ಚಾರ್ಜು, ಊಟ, ವೇಷ ಕಟ್ಟಲು ಬಾಗಿಲಿರುವ ಕೋಣೆ, ಇವನ್ನು ಮೊದಲೇ ಮಾತಾಡಿ. ದೂರದಿಂದ ಬಂದ ತಂಡವನ್ನು ಬಿಸಿಲಲ್ಲಿ ನಿಲ್ಲಿಸಿ ಉದ್ದುದ್ದ ಭಾಷಣ ಮಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ.

ಅಡುಗೆಯವರ ಹತ್ತಿರ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇದೆಯಾ ಕೇಳಿ. ಊಟ ಏನು ಅನ್ನುವುದನ್ನು ನೀವೊಬ್ಬರೇ ತೀರ್ಮಾನ ಮಾಡಬೇಡಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟದ ಬೇಡಿಕೆ ಎಷ್ಟು ಚರ್ಚೆಯಾಯಿತು ಅಂತ ನೆನಪಿರಬಹುದು. ಬಡಾವಣೆಯ ಎಲ್ಲ ಮನೆಯವರೂ ತಮ್ಮದು ಅಂದುಕೊಳ್ಳಬೇಕಾದ ಹಬ್ಬದಲ್ಲಿ ಊಟದ ಮಾತನ್ನು ಎಲ್ಲರನ್ನೂ ಕೂರಿಸಿಕೊಂಡು ಆಡಿ.

ಹೆಜ್ಜೆ 8: ಜನರನ್ನು ಕರೆಯುವುದು

ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಹಾಕಿದರೆ ಜನ ಬರುವುದಿಲ್ಲ. ಮನೆಮನೆಗೆ ಹೋಗಿ. ಹೋದಾಗ ಬನ್ನಿ ಅಂತ ಹೇಳುವುದರ ಬದಲು ಒಂದು ಕೆಲಸ ಕೊಡಿ. "ಅಮ್ಮಾ, ಎಳ್ಳು ಬೆಲ್ಲ ಬೆರೆಸಲು ನೀವು ಬರಬೇಕು." "ಸಾರ್, ಕಬ್ಬಿನ ಜಲ್ಲೆ ಕಟ್ಟಿಸೋದು ನಿಮ್ಮ ಜವಾಬ್ದಾರಿ." "ಪುಟ್ಟಾ, ನೀನು ಗಾಳಿಪಟದ ಗುಂಪಿಗೆ ಲೀಡರ್." ಹೆಸರು ಬರೆದುಕೊಳ್ಳಿ. ಕೆಲಸ ಒಪ್ಪಿಕೊಂಡ ಮನೆಯಿಂದ ಒಬ್ಬರಲ್ಲ, ನಾಲ್ಕು ಜನ ಬರುತ್ತಾರೆ. ದುಡ್ಡನ್ನೂ ತಾವೇ ಕೇಳಿ ಕೊಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ದುಡ್ಡು ಕೊಟ್ಟವನ ಖುಷಿಯೇ ಇದು. ರಸೀದಿ ತಪ್ಪದೆ ಕೊಡಿ, ಹತ್ತು ರೂಪಾಯಿಗೂ.

ಹೆಜ್ಜೆ 9: ಕಾರ್ಯಕ್ರಮದ ದಿನ

ಮೂರು ಗಂಟೆ ಮುಂಚೆ ಜಾಗದಲ್ಲಿರಿ. ಮೊದಲು ಮೈಕ್ ಪರೀಕ್ಷೆ. ಮೈಕಿನಲ್ಲಿ ಹಲೋ ಹಲೋ ಅಂದರೆ ಸಾಲದು, ಹಿಂದಿನ ಸಾಲಿನಲ್ಲಿ ಕೂತು ಇನ್ನೊಬ್ಬರಿಂದ ಮಾತಾಡಿಸಿ ಕೇಳಿ. ನೆಲದ ಮೇಲಿನ ವೈರ್‌ಗಳಿಗೆ ಟೇಪ್ ಹಾಕಿಸಿ. ಕುಡಿಯುವ ನೀರು ಎರಡು ಕಡೆ ಇಡಿ. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಟಾರ್ಚ್, ಕತ್ತರಿ, ಸೆಣಬಿನ ಹಗ್ಗ, ಚಿಲ್ಲರೆ ದುಡ್ಡು ಒಂದೇ ಚೀಲದಲ್ಲಿರಲಿ. ಆಂಬುಲೆನ್ಸ್‌ಗೆ 108, ಪೊಲೀಸ್ ಮತ್ತು ಅಗ್ನಿಶಾಮಕಕ್ಕೆ 112 ಅಂತ ದೊಡ್ಡದಾಗಿ ಬರೆದು ಅಂಟಿಸಿ.

ಬಾಗಿಲಲ್ಲಿ ಒಬ್ಬರು ತಲೆ ಎಣಿಸುತ್ತಲೇ ಇರಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ನಮ್ಮದು ಸಣ್ಣ ಕಾರ್ಯಕ್ರಮ ನಿಜ. ಆದರೂ 150 ಜನ ಹಿಡಿಯುವ ಹಾಲ್‌ಗೆ ಮೂರು ಅಡಿ ಬಾಗಿಲು ಒಂದೇ ಇದ್ದರೆ, ಬಹುಮಾನ ಕೊಡುವಾಗ ಮಕ್ಕಳೆಲ್ಲ ಒಟ್ಟಿಗೆ ನುಗ್ಗುತ್ತಾರೆ. ಬಹುಮಾನವನ್ನು ಸಾಲಾಗಿ ಕೂರಿಸಿಯೇ ಕೊಡಿ. ಹಾಲ್ ತುಂಬಿದ ಮೇಲೆ ಎಷ್ಟೇ ಬೇಕಾದವರು ಬಂದರೂ ಒಳಗೆ ಬಿಡಬೇಡಿ. ಸಂಕ್ರಾಂತಿಗೆ ಎತ್ತು ಸಿಂಗರಿಸಿ ಕರೆಸಬಹುದು, ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಕಿಚ್ಚು ಹಾಯಿಸುವುದು ಮಾತ್ರ ಬಡಾವಣೆಯಲ್ಲಿ ಬೇಡ. ಅದಕ್ಕೆ ಹಳ್ಳಿಯ ಬಯಲು, ಆ ದನಗಳನ್ನು ಬಲ್ಲ ಕೈಗಳು ಬೇಕು.

ವೇದಿಕೆಯ ಭಾಷಣ ಒಟ್ಟು 20 ನಿಮಿಷ ಮೀರದಂತೆ ನೋಡಿಕೊಳ್ಳಿ. ಗಣ್ಯರಿಗೆ ಹಿಂದಿನ ದಿನವೇ ಗೌರವದಿಂದ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾರ ತುರಾಯಿ ಬದಲು ಒಂದೊಂದು ಪುಸ್ತಕ ಕೊಡಿ. ಮಕ್ಕಳ ಫೋಟೋ ಹಂಚುವ ಮುನ್ನ ಮನೆಯವರನ್ನು ಕೇಳಿ.

ಹೆಜ್ಜೆ 10: ಮಾರನೆಯ ದಿನ

ಬೆಳಗ್ಗೆ ಮೊದಲು ಜಾಗಕ್ಕೆ ಹೋಗಿ. ಪಾರ್ಕು ನೀವು ಪಡೆದಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿರಬೇಕು. ಕಸ ಎತ್ತಿದ ಪೌರಕಾರ್ಮಿಕರಿಗೆ ದುಡ್ಡಿನ ಜೊತೆ ತಿಂಡಿಯೂ ಇರಲಿ. ಮೂರು ದಿನದೊಳಗೆ ಜಮಾ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ದುಡ್ಡು ಕೊಟ್ಟ ಎಲ್ಲ ಮನೆಗೂ ಕಳಿಸಿ. ನಿಮ್ಮ ಕೂಲಿ ಎಷ್ಟು ಅನ್ನುವುದನ್ನೂ ಅದರಲ್ಲೇ ಬರೆಯಿರಿ. ಮೊದಲ ಸಲ ನನಗೂ ಮುಜುಗರವಾಗಿತ್ತು. ಒಬ್ಬ ಹಿರಿಯರು ಓದಿ ಫೋನ್ ಮಾಡಿ, "ಇಷ್ಟು ಓಡಾಡಿದ್ದಕ್ಕೆ ಇಷ್ಟೇನಾ ಉಳಿದಿದ್ದು ನಿನಗೆ, ಮುಂದಿನ ವರ್ಷ ಮನೆಗೆ ಐವತ್ತು ಜಾಸ್ತಿ ಇಡಮ್ಮ" ಅಂದರು.

ಆಮೇಲೆ ನಿಮ್ಮ ಪುಸ್ತಕ ತೆರೆಯಿರಿ. ಎಷ್ಟು ಜನ ಬಂದರು, ಯಾವ ಹೊತ್ತಿಗೆ ಎದ್ದು ಹೋದರು, ಯಾವ ಮಳಿಗೆಗೆ ವ್ಯಾಪಾರ ಆಯಿತು, ಯಾರಿಗೆ ಕೊಟ್ಟ ಕೆಲಸ ಚೆನ್ನಾಗಿ ನಡೆಯಿತು, ಎಲ್ಲ ಬರೆಯಿರಿ. ಕೆಲಸ ಒಪ್ಪಿಕೊಂಡು ಬಂದ ಮನೆಗಳ ಹೆಸರಿಗೆ ಗುರುತು ಹಾಕಿ. ಮುಂದಿನ ಕಾರ್ಯಕ್ರಮಕ್ಕೆ ಮೊದಲು ಹೋಗಬೇಕಾದ ಮನೆಗಳು ಅವೇ. ಹೋಗುವಾಗ ಪಂಚಾಂಗವನ್ನೂ ಜೊತೆಗೆ ತೆಗೆದುಕೊಂಡು ಹೋಗಿ, ಮುಂದಿನ ದಿನವನ್ನು ಅವರ ಜಗುಲಿಯಲ್ಲೇ ಗೊತ್ತುಮಾಡಿಕೊಂಡು ಬನ್ನಿ.